ನಾಲ್ಕನೆಯ ಸರಪಳಿ

ಫ್ಲಾಟ್‌ಬೆಡ್ ಟ್ರೇಲರಿಗೆ ಗೋಡೆಯೂ ಇಲ್ಲ, ಸೂರೂ ಇಲ್ಲ. ಮುಚ್ಚಿದ ಟ್ರೇಲರಿನವರು ಬಾಗಿಲು ಹಾಕಿ, ಬೀಗ ಜಡಿದು ಹೊರಟುಬಿಡುತ್ತಾರೆ. ನಮ್ಮ ಅರ್ಧ ಕೆಲಸ ಶುರುವಾಗುವುದೇ ಸರಕು ಏರಿದ ಮೇಲೆ. ಅಮೆರಿಕದಲ್ಲಿ ಟ್ರೇಲರ್ ಎಳೆಯುವ ಭಾರಿ ಟ್ರಕ್ ಓಡಿಸಲು ಬೇಕಾದ ಕ್ಲಾಸ್ ಎ ಲೈಸೆನ್ಸ್ ಕೈಗೆ ಬಂದಾಗ ನನಗೆ ಇದು ಗೊತ್ತಿರಲಿಲ್ಲ. ತರಬೇತಿ ಶಾಲೆಯಲ್ಲಿ ಕಲಿತದ್ದೆಲ್ಲ ಮುಚ್ಚಿದ ಟ್ರೇಲರಿನ ಮೇಲೆ: ಹಿಮ್ಮುಖ ಚಾಲನೆ, ತಿರುವು, ಏರ್‌ಬ್ರೇಕಿನ ತಪಾಸಣೆ. ಸರಕು ಕಟ್ಟುವುದಕ್ಕೆ ಸಿಕ್ಕಿದ್ದು ಒಂದೇ ಮಧ್ಯಾಹ್ನ, ಅದೂ ಪುಸ್ತಕದಲ್ಲಿ.

ಕಲಿಕೆ ಆರಂಭವಾದದ್ದು ಇಂಡಿಯಾನಾದ ಒಂದು ಉಕ್ಕಿನ ಕಾರ್ಖಾನೆಯ ಅಂಗಳದಲ್ಲಿ. 20 ಅಡಿ ಉದ್ದದ ಉಕ್ಕಿನ ಕಟ್ಟುಗಳು, ಒಟ್ಟು 40,000 ಪೌಂಡ್. ನಾನು ಮೂರು ಸರಪಳಿ ಹಾಕಿ, ಅವನ್ನು ಎಳೆದು ಹಿಡಿಯುವ ಸಾಧನವಾದ ಬೈಂಡರ್ ಬಿಗಿದು, ಬೆವರು ಒರೆಸಿಕೊಂಡು ನಿಂತೆ. ನನ್ನ ಜೊತೆಗಿದ್ದ ಹಿರಿಯ ಚಾಲಕರು ಸರಪಳಿಯನ್ನು ಮುಟ್ಟಲೇ ಇಲ್ಲ. "ಲೆಕ್ಕ ಹೇಳಿ" ಎಂದರು. ಚೆನ್ನಾಗಿ ಬಿಗಿದಿದ್ದೇನೆ ಎಂದೆ. "ಅದಲ್ಲ, ಲೆಕ್ಕ" ಎಂದರು.

ಲೆಕ್ಕ ಹೀಗಿದೆ. ಅಲ್ಲಿನ ನಿಯಮದ ಪ್ರಕಾರ, ಕಟ್ಟಿದ ಎಲ್ಲ ಸರಪಳಿ, ನೇಯ್ದ ಪಟ್ಟಿಗಳ ಸುರಕ್ಷಿತ ಭಾರಮಿತಿಯನ್ನು ಕೂಡಿದರೆ ಅದು ಸರಕಿನ ತೂಕದ ಅರ್ಧಕ್ಕಿಂತ ಕಡಿಮೆಯಾಗಬಾರದು. ನನಗೆ ಬೇಕಿದ್ದದ್ದು 20,000 ಪೌಂಡ್. ಗ್ರೇಡ್ 70 ಎಂಬ ಬಲದ ದರ್ಜೆಯ, ಮೂರೆಂಟಾಂಶ ಇಂಚು ದಪ್ಪದ ಸರಪಳಿಯ ಮಿತಿ 6,600. ಮೂರು ಸೇರಿದರೆ 19,800. ಇನ್ನೂರು ಪೌಂಡ್ ಸಾಲದು! ಸರಕಿನ ಉದ್ದಕ್ಕೆ ಇಷ್ಟು ಸರಪಳಿ ಎಂಬ ಲೆಕ್ಕಕ್ಕೆ ಮೂರು ಸಾಕಿತ್ತು, ತೂಕದ ಲೆಕ್ಕಕ್ಕೆ ನಾಲ್ಕು ಬೇಕಿತ್ತು. ನಾಲ್ಕನೆಯದನ್ನು ಎಳೆದುಕೊಂಡು ಬಂದೆ. ಆಗ ಅವರು ಒಂದು ಬೈಂಡರನ್ನು ತಿರುಗಿಸಿ ಅದರ ಮೇಲಿನ ಅಚ್ಚು ತೋರಿಸಿದರು: 5,400. ಸರಪಳಿ ಎಷ್ಟೇ ಗಟ್ಟಿಯಿರಲಿ, ಸರಪಳಿ, ಬೈಂಡರ್ ಎರಡೂ ಸೇರಿದ ಆ ಬಿಗಿತದ ಮಿತಿ ಅದರಲ್ಲಿ ಯಾವುದು ದುರ್ಬಲವೋ ಅದರದ್ದೇ. ಗುರುತು ಅಳಿಸಿಹೋದ ಸರಪಳಿಯನ್ನಂತೂ ತಪಾಸಣೆಯವರು ತೀರ ಕೆಳಗಿನ ದರ್ಜೆಯದೆಂದೇ ಎಣಿಸುತ್ತಾರೆ.

ಸರಪಳಿ ಸರಕನ್ನು ಹಿಡಿದುಕೊಂಡಿರುತ್ತದೆ ಎಂದುಕೊಂಡಿದ್ದೆ. ಮೇಲಿಂದ ಹಾದು ಎರಡೂ ಬದಿಗೆ ಕಟ್ಟಿದ ಸರಪಳಿ ಮಾಡುವ ಮುಖ್ಯ ಕೆಲಸ ಸರಕನ್ನು ಕೆಳಕ್ಕೆ ಒತ್ತುವುದು. ಜಾರದಂತೆ ತಡೆಯುವುದು ಆ ಒತ್ತಿನಿಂದ ಹೆಚ್ಚುವ ಘರ್ಷಣೆ. ಆದ್ದರಿಂದಲೇ ಉಕ್ಕಿನ ಮೇಲಿನ ಎಣ್ಣೆ, ಹಲಗೆಯ ಮೇಲಿನ ಹಿಮ ನಮ್ಮ ಪಾಲಿಗೆ ಶತ್ರು. ಅಡಿಗೆ ಮರದ ತುಂಡು ಇಡುತ್ತೇವೆ, ಸರಪಳಿಯನ್ನು ಸರಿಯಾಗಿ ಅದರ ನೇರಕ್ಕೇ ಹಾಕುತ್ತೇವೆ. ಜೋರಾಗಿ ಬ್ರೇಕ್ ಹಾಕಿದಾಗ ಸರಕು ತನ್ನ ತೂಕದ ಹತ್ತರಲ್ಲಿ ಎಂಟು ಪಾಲಿನಷ್ಟು ಬಲದಿಂದ ಮುಂದಕ್ಕೆ ನುಗ್ಗಬಹುದೆಂದು ನಿಯಮ ಎಣಿಸುತ್ತದೆ. ಆ ದಿಕ್ಕಿನಲ್ಲಿ ಕುಳಿತಿರುವವನು ನಾನೇ.

ಒಬ್ಬನೇ ಹೊರಟ ಮೊದಲ ಸಲ ನನಗೆ ಸಿಕ್ಕಿದ್ದು ಮರದ ಹಲಗೆ. ನಾಲ್ಕು ಇಂಚು ಅಗಲದ ಪಟ್ಟಿಗಳನ್ನು ಟ್ರೇಲರಿನ ಬದಿಯಲ್ಲಿರುವ ಬಿಗಿಯುವ ಉರುಳೆಗೆ, ಅಂದರೆ ವಿಂಚಿಗೆ ಸುತ್ತಿ, ಕಬ್ಬಿಣದ ಸಲಾಕೆಗೆ ಮೈಭಾರವೆಲ್ಲ ಹಾಕಿ ಬಿಗಿದಿದ್ದೆ. ಬೆರಳಿನಿಂದ ತಟ್ಟಿದರೆ ತಂಬೂರಿಯಂತೆ ಮಿಡಿಯುತ್ತಿತ್ತು. ಮೊದಲ 50 ಮೈಲಿಯೊಳಗೆ ಒಮ್ಮೆ ನಿಲ್ಲಿಸಿ ನೋಡಬೇಕೆಂಬುದು ನಿಯಮ. ಭಯದಿಂದ 30ರಲ್ಲೇ ನಿಲ್ಲಿಸಿದೆ. ನಡುವಿನ ಪಟ್ಟಿಯ ಅಡಿಗೆ ಅಂಗೈ ತೂರಿಸಬಹುದಿತ್ತು! ಪಟ್ಟಿ ಹಿಗ್ಗಿರಲಿಲ್ಲ, ಗಂಟು ಬಿಚ್ಚಿರಲಿಲ್ಲ. ರಸ್ತೆಯ ಅಲುಗಾಟಕ್ಕೆ ಹಲಗೆಗಳು ಒಂದರ ಮೇಲೊಂದು ಕೂತು ತಗ್ಗಿದ್ದವು, ಅಷ್ಟೇ. ವಿಂಚು ಮತ್ತೆ ಮೂರು ಸಲ ಟಕ್ ಎಂದಿತು. ಅಂದಿನಿಂದ ನಿಯಮ ಹೇಳುವ 150 ಮೈಲಿ ಅಥವಾ ಮೂರು ಗಂಟೆಯವರೆಗೆ ನಾನು ಕಾಯುವುದಿಲ್ಲ. ಚಹಾಕ್ಕೆ ಇಳಿದರೂ ಸುತ್ತು ಹಾಕುತ್ತೇನೆ.

ಒಂದು ಪಟ್ಟಿಯನ್ನು ಹಾಳು ಮಾಡಿದವನೂ ನಾನೇ. ಉಕ್ಕಿನ ಅಂಚಿಗೆ ಪಟ್ಟಿಯನ್ನು ಕಾಯುವ ಪ್ಲಾಸ್ಟಿಕ್ ಮೂಲೆ ಇಡಲು ಸೋಮಾರಿತನ. ಇನ್ನೂರು ಮೈಲಿಯಲ್ಲಿ ಅಂಚು ಅದನ್ನು ಗರಗಸದಂತೆ ಅರ್ಧ ಕೊಯ್ದಿತ್ತು. ಪಟ್ಟಿ ಗಾಳಿಗೆ ಪಟಪಟ ಬಡಿದುಕೊಂಡು ಸವೆಯದಿರಲು, ಅಂಚಿನಿಂದ ದೂರದಲ್ಲಿ ಅದಕ್ಕೆ ಒಂದು ಸುತ್ತು ತಿರುವು ಕೊಡುವುದನ್ನು ಕಲಿತದ್ದು ಇನ್ನೂ ತಡವಾಗಿ, ಪಕ್ಕದ ಟ್ರಕ್ಕಿನವರನ್ನು ನೋಡಿ.

ಹೊಸಬರು ಒಂದೇ ಎಳೆತಕ್ಕೆ ಬಿಗಿಯುವ ಸನ್ನೆಯ ಬೈಂಡರಿಗಿಂತ, ಹಲ್ಲುಚಕ್ರದಿಂದ ಸ್ವಲ್ಪಸ್ವಲ್ಪವೇ ಬಿಗಿಯುವ ರ‍್ಯಾಚೆಟ್ ಬೈಂಡರ್ ಕೊಳ್ಳುವುದು ಒಳ್ಳೆಯದು. ಸನ್ನೆಯದು ಬಿಚ್ಚುವಾಗ ಚಿಮ್ಮಿ ದವಡೆಗೆ ಹೊಡೆಯಬಹುದು. ಅದಕ್ಕೆ ಉದ್ದದ ಪೈಪ್ ಸಿಕ್ಕಿಸುವವರ ಹತ್ತಿರ ನಾನು ನಿಲ್ಲುವುದೇ ಇಲ್ಲ. ಟಾರ್ಪಾಲಿನ ಬಗ್ಗೆ ಹೇಳುವುದು ಹೆಚ್ಚಿಲ್ಲ: ಭಾರ, ಗಾಳಿ, ಬೆನ್ನುನೋವು. ಸರಕಿನ ಮೇಲೆ ನಿಂತು ಹಿಂದಕ್ಕೆ ಹೆಜ್ಜೆ ಇಡಬೇಡಿ.

ಈಗಲೂ ಸರಕು ಏರಿದೊಡನೆ ಕಾಗದದ ಮೇಲಿನ ತೂಕ ನೋಡಿ, ಅರ್ಧ ಮಾಡಿ, ಸರಪಳಿ ಎಣಿಸಿಕೊಳ್ಳುತ್ತೇನೆ. ಲೆಕ್ಕಕ್ಕೆ ನಾಲ್ಕು ಬಂದರೆ ಐದು ಹಾಕುತ್ತೇನೆ.