ಬಸ್ಸು ಮುಂದೆ, ಮಾತು ಹಿಂದೆ: ಗೇಮ್ ವಿಡಿಯೊಗೆ ಎಡಿಟರ್ ಹುಡುಕಿದ ನನ್ನ ಅನುಭವ

"ನೋಡಿ, ಎದುರಿಗೆ ಲಾರಿ ಬರ್ತಾ ಇದೆ" ಎಂದು ವಿಡಿಯೊದಲ್ಲಿ ನಾನು ಹೇಳುವಷ್ಟರಲ್ಲಿ ಆ ಲಾರಿ ದಾಟಿ ನಾಲ್ಕು ಸೆಕೆಂಡ್ ಆಗಿತ್ತು. ಶುರುವಿನಲ್ಲಿ ಎಲ್ಲ ಸರಿಯಾಗಿತ್ತು. ಹತ್ತು ನಿಮಿಷಕ್ಕೆ ಸ್ವಲ್ಪ ಎಡವಟ್ಟು, ಇಪ್ಪತ್ತೈದು ನಿಮಿಷಕ್ಕೆ ಬಸ್ಸೇ ಬೇರೆ, ನನ್ನ ಮಾತೇ ಬೇರೆ.

ಆಗ ನಾನು ಫೋನಿನಲ್ಲಿ ಬಸ್ ಸಿಮ್ಯುಲೇಟರ್ ಇಂಡೋನೇಷ್ಯಾ ಆಡುತ್ತಿದ್ದೆ. 2017ರಲ್ಲಿ ಬಂದ ಆಟ. ಬಸ್ಸಿಗೆ ಬೇಕಾದ ಬಣ್ಣ ಹಾಕಿಕೊಳ್ಳಬಹುದು, ಹಾಗಾಗಿ ನಮ್ಮ ಹುಡುಗರು ಅದರಲ್ಲಿ ಕೆಎಸ್‌ಆರ್‌ಟಿಸಿ ಕೆಂಪು ಬಸ್ಸನ್ನೇ ಓಡಿಸುತ್ತಾರೆ. ರಸ್ತೆ ಇಂಡೋನೇಷ್ಯಾದ್ದು, ಬಸ್ಸು ನಮ್ಮದು, ಕಾಮೆಂಟರಿ ಕನ್ನಡದ್ದು. ಪರದೆಯನ್ನು ಫೋನೇ ರೆಕಾರ್ಡ್ ಮಾಡುತ್ತಿತ್ತು. ನನ್ನ ಮಾತನ್ನು ಹಳೇ ಫೋನಿನಲ್ಲಿ ಬೇರೆಯಾಗಿ ರೆಕಾರ್ಡ್ ಮಾಡಿ ಆಮೇಲೆ ಕೂಡಿಸುತ್ತಿದ್ದೆ.

ತಪ್ಪು ಎಡಿಟರಿನದು, ಅಂದರೆ ವಿಡಿಯೊ ಕತ್ತರಿಸಿ ಜೋಡಿಸುವ ಸಾಫ್ಟ್‌ವೇರಿನದು ಅಂದುಕೊಂಡೆ. ಒಂದು ತೆಗೆದು ಇನ್ನೊಂದು ಹಾಕಿದೆ. ಅದರಲ್ಲೂ ಅದೇ ಕಥೆ. ಮೂರನೆಯದು ದುಡ್ಡಿನ ಸಾಫ್ಟ್‌ವೇರ್, ಹೆಸರು ಬೇಡ, ಟ್ರಯಲ್ ಹಾಕಿಕೊಂಡಿದ್ದೆ. ಮೂರು ರಾತ್ರಿ ಕೂತು ಮುಗಿಸಿ ಎಕ್ಸ್‌ಪೋರ್ಟ್ ಒತ್ತಿದರೆ ವಿಡಿಯೊದ ನಟ್ಟನಡುವೆ ಅವರ ಹೆಸರು, ಅಂದರೆ ವಾಟರ್‌ಮಾರ್ಕ್. ಅದನ್ನು ತೆಗೆಯಲು ಬೇಕಾದ ದುಡ್ಡಿನಲ್ಲಿ ನನಗೆ ಒಂದು ಒಳ್ಳೆ ಮೈಕ್ ಬರುತ್ತಿತ್ತು.

ನಿಜವಾದ ತೊಂದರೆ ಫೈಲಿನಲ್ಲೇ ಇತ್ತು. ಮೀಡಿಯಾಇನ್ಫೋ ಅಂತ ಒಂದು ಪುಟ್ಟ ಉಚಿತ ಸಾಫ್ಟ್‌ವೇರ್ ಇದೆ. ಫೈಲನ್ನು ಅದರಲ್ಲಿ ತೆರೆದರೆ ಒಳಗೇನಿದೆ ಎಂದು ಸಾಲಾಗಿ ತೋರಿಸುತ್ತದೆ. ಅಲ್ಲಿ 'ಫ್ರೇಮ್ ರೇಟ್ ಮೋಡ್' ಎದುರಿಗೆ 'ವೇರಿಯಬಲ್', ಅಂದರೆ ಏರುಪೇರು ಎಂದಿತ್ತು. ಫೋನು ಸ್ಕ್ರೀನ್ ರೆಕಾರ್ಡ್ ಮಾಡುವಾಗ ಸೆಕೆಂಡಿಗೆ ಇಷ್ಟೇ ಫ್ರೇಮ್ (ಬಿಡಿ ಚಿತ್ರ) ಅಂತ ಹಿಡಿದು ಬರೆಯುವುದಿಲ್ಲ. ಬಸ್ಸು ಜೋರಾಗಿ ಓಡುವಾಗ ಜಾಸ್ತಿ, ನಿಂತಾಗ ಕಡಿಮೆ, ಫೋನ್ ಬಿಸಿಯಾದರೆ ಇನ್ನೂ ಕಡಿಮೆ. ಪ್ಲೇಯರ್‌ನಲ್ಲಿ ನೋಡುವಾಗ ಇದು ಗೊತ್ತೇ ಆಗುವುದಿಲ್ಲ, ಯಾಕೆಂದರೆ ಪ್ರತಿ ಫ್ರೇಮಿನ ಜೊತೆ ಅದರ ಸಮಯವೂ ಬರೆದಿರುತ್ತದೆ. ಎಡಿಟರಿನ ಟೈಮ್‌ಲೈನ್ (ಕ್ಲಿಪ್ ಜೋಡಿಸುವ ಪಟ್ಟಿ) ಮಾತ್ರ ಚೌಕಾಬಾರದ ಮನೆಗಳ ಹಾಗೆ, ಎಲ್ಲ ಒಂದೇ ಅಳತೆ. ಏರುಪೇರಿನ ಫ್ರೇಮುಗಳನ್ನು ಆ ಮನೆಗಳಲ್ಲಿ ಕೂರಿಸುವಾಗ ಸ್ವಲ್ಪ ಸ್ವಲ್ಪವೇ ಜಾರುತ್ತದೆ.

ಮದ್ದು ಸುಲಭ. ಅದಕ್ಕೊಂದು ಉಚಿತ ಸಾಫ್ಟ್‌ವೇರ್ ಇದೆ, ಹ್ಯಾಂಡ್‌ಬ್ರೇಕ್. ಹ್ಯಾಂಡ್‌ಬ್ರೇಕ್‌ನಲ್ಲಿ ಫೈಲ್ ಹಾಕಿ, ವಿಡಿಯೊ ಟ್ಯಾಬಿನಲ್ಲಿ 'ಕಾನ್‌ಸ್ಟಂಟ್ ಫ್ರೇಮ್‌ರೇಟ್' ಆರಿಸಿ, 30 ಅಥವಾ 60 ಎಂದು ಕೊಟ್ಟು ಹೊಸ ಫೈಲ್ ಮಾಡಿಕೊಳ್ಳುವುದು. ಹೊಸ ಫೈಲಿನಲ್ಲಿ ಲಾರಿಯೂ ನನ್ನ ಮಾತೂ ಒಟ್ಟಿಗೆ ಬಂದವು. ಎರಡು ತಿಂಗಳು ಎಡಿಟರ್ ಬದಲಾಯಿಸಿದ್ದು ಸುಮ್ನೆ ಆಯ್ತು ಅಲ್ವಾ? ಪೂರ್ತಿ ಸುಮ್ನೆ ಅಲ್ಲ. ಎಡಿಟರ್ ಆರಿಸುವಾಗ ಅದರ ಎಫೆಕ್ಟ್‌ಗಳ ಪಟ್ಟಿ ನೋಡುವುದನ್ನು ಅವತ್ತೇ ಬಿಟ್ಟೆ. ನನ್ನ ಫೈಲು ಹೇಗಿದೆ, ಅದನ್ನು ಕಂಡಾಗ ಈ ಎಡಿಟರ್ ಏನು ಮಾಡುತ್ತದೆ, ಅಷ್ಟೇ ನೋಡತೊಡಗಿದೆ.

ಆಮೇಲೆ ಕಂಪ್ಯೂಟರಿಗೆ ಬಂದೆ. ಅಸೆಂಬಲ್ ಮಾಡಿಸಿದ ಪೆಟ್ಟಿಗೆ, 8 ಜಿಬಿ ರ್‍ಯಾಮ್, 4 ಜಿಬಿ ಗ್ರಾಫಿಕ್ಸ್ ಕಾರ್ಡ್. ಆಟ ಯೂರೊ ಟ್ರಕ್ ಸಿಮ್ಯುಲೇಟರ್ 2. ರೆಕಾರ್ಡಿಂಗ್ ಪರದೆ ರೆಕಾರ್ಡ್ ಮಾಡುವ ಉಚಿತ ಸಾಫ್ಟ್‌ವೇರ್ ಓಬಿಎಸ್‌ನಲ್ಲಿ. ಒಂದು ಸಂಜೆ ಎರಡು ಗಂಟೆ ಓಡಿಸಿದ ಮೇಲೆ ಕರೆಂಟ್ ಹೋಯ್ತು. ಮನೆಯಲ್ಲಿ ಯುಪಿಎಸ್ ಇರಲಿಲ್ಲ. ಆದರೂ ಫೈಲ್ ಉಳಿಯಿತು, ಏಕೆಂದರೆ ಅದು ಎಂಕೆವಿ ಬಗೆಯ ಫೈಲ್ ಆಗಿತ್ತು. ಮಾಮೂಲಿ ಎಂಪಿ4 ಆಗಿದ್ದರೆ ಹೋಗಿರುತ್ತಿತ್ತು, ಯಾವ ಫ್ರೇಮ್ ಎಲ್ಲಿದೆ ಎಂಬ ಅದರ ಸೂಚಿಯನ್ನು ರೆಕಾರ್ಡಿಂಗ್ ಮುಗಿದಾಗ ಕೊನೆಯಲ್ಲಿ ಬರೆಯುವುದು. ಎಂಕೆವಿಯಲ್ಲೇ ರೆಕಾರ್ಡ್ ಮಾಡಿ, ಬೇಕಾದಾಗ ಓಬಿಎಸ್‌ನ ಫೈಲ್ ಮೆನುವಿನಲ್ಲಿರುವ ರೀಮಕ್ಸ್ ಒತ್ತಿದರೆ ಎಂಪಿ4 ಸಿಗುತ್ತದೆ. ಗುಣಮಟ್ಟ ಒಂದಿಷ್ಟೂ ಹೋಗುವುದಿಲ್ಲ, ಡಬ್ಬಿ ಬದಲಾಯಿಸಿದ ಹಾಗೆ ಅಷ್ಟೇ.

ಇನ್ನೊಂದು ಕೆಲಸ ಓಬಿಎಸ್‌ನಲ್ಲೇ ಮಾಡಿಕೊಳ್ಳಬೇಕು. ಆಟದ ಸದ್ದು ಒಂದು ಟ್ರ್ಯಾಕ್, ಮೈಕ್ ಇನ್ನೊಂದು ಟ್ರ್ಯಾಕ್. ಓಬಿಎಸ್ ಆರು ಟ್ರ್ಯಾಕ್‌ಗಳವರೆಗೆ ಕೊಡುತ್ತದೆ. ನಮ್ಮ ಮನೆಯಲ್ಲಿ ಇದಿಲ್ಲದೆ ಆಗುವುದೇ ಇಲ್ಲ. ಜರ್ಮನಿಯ ಹೈವೇಯಲ್ಲಿ ಗಂಭೀರವಾಗಿ ಗೇರ್ ಬಗ್ಗೆ ಹೇಳುತ್ತಿರುವಾಗ ಹಿಂದಿನಿಂದ ಕುಕ್ಕರ್ ಮೂರು ಸೀಟಿ ಹೊಡೆಯುತ್ತದೆ, ಆಮೇಲೆ ಅಮ್ಮ "ಎಷ್ಟು ಸಲ ಕರೀಬೇಕೋ ಊಟಕ್ಕೆ" ಅಂತಾರೆ. ಎರಡು ಟ್ರ್ಯಾಕ್ ಇದ್ದರೆ ಮೈಕ್ ಟ್ರ್ಯಾಕಿನಲ್ಲಿ ಅಷ್ಟು ಭಾಗ ಕತ್ತರಿಸಿ ಎಸೆಯಬಹುದು, ಇಂಜಿನ್ ಸದ್ದು ಮಾತ್ರ ನಿಲ್ಲದೆ ಓಡುತ್ತಿರುತ್ತದೆ.

ಹೀಗೆ ನನ್ನ ಪರೀಕ್ಷೆಯ ಫೈಲ್ ತಯಾರಾಯ್ತು. ಹತ್ತು ನಿಮಿಷ, 1080ಪಿ, 60 ಫ್ರೇಮ್, ಎರಡು ಆಡಿಯೊ ಟ್ರ್ಯಾಕ್. ಜೊತೆಗೆ ಫೋನಿನ ಏರುಪೇರಿನ ಫೈಲಿನದೊಂದು ತುಂಡು. ಕೊನೆಗೆ ಒಂದು ಪದ: ಶಸ್ತ್ರಾಸ್ತ್ರ.

ಆ ಪದ ಯಾಕೆಂದರೆ, ಕನ್ನಡ ಟೈಟಲ್ ಹಾಕುವಾಗ ಎಡಿಟರಿನ ಬಂಡವಾಳ ಬಯಲಾಗುವುದೇ ಒತ್ತಕ್ಷರದಲ್ಲಿ. 'ಮನೆ', 'ಬಸ್' ಎಲ್ಲದರಲ್ಲೂ ಚೆನ್ನಾಗಿ ಬರುತ್ತವೆ. ಒತ್ತು ಬಂದ ತಕ್ಷಣ ಕೆಲವು ಟೈಟಲ್ ಉಪಕರಣಗಳು ಸ, ತ, ರ ಮೂರನ್ನೂ ಬಿಡಿಬಿಡಿಯಾಗಿ ಸಾಲಿನಲ್ಲಿ ನಿಲ್ಲಿಸುತ್ತವೆ. 'ಮಾರ್ಗ' ಎಂದು ಬರೆದರೆ ಅರ್ಕಾವತ್ತು ಗಕಾರದ ಬಲಕ್ಕೆ ಹೋಗದೆ ಅರ್ಧ ರಕಾರವಾಗಿ ಮುಂದೆಯೇ ಕೂತುಬಿಡುತ್ತದೆ. ಫಾಂಟ್ ಬದಲಿಸಿದರೂ ಸರಿ ಹೋಗುವುದಿಲ್ಲ, ಅಕ್ಷರ ಜೋಡಿಸುವ ಎಂಜಿನ್ನಿಗೇ ನಮ್ಮ ಲಿಪಿ ಗೊತ್ತಿರಬೇಕು. ಅಡೋಬಿಯ ಎಡಿಟರ್ ಪ್ರೀಮಿಯರ್ ಪ್ರೊ ಇರುವವರು ಪ್ರಿಫರೆನ್ಸಸ್‌ನ ಗ್ರಾಫಿಕ್ಸ್ ವಿಭಾಗದಲ್ಲಿ ಟೆಕ್ಸ್ಟ್ ಎಂಜಿನ್ ಅನ್ನು 'ಸೌತ್ ಏಷ್ಯನ್' ಎಂದಿರುವುದಕ್ಕೆ ಬದಲಿಸಿಕೊಂಡರೆ ಸರಿಯಾಗುತ್ತದೆ. ಎಷ್ಟೋ ಜನ ಇದು ತಿಳಿಯದೆ ಇನ್ನೂ ಯೂನಿಕೋಡ್ ಅಲ್ಲದ ನುಡಿ ಫಾಂಟಿನಲ್ಲಿ ಹಳೇ ಕಾಲದ ಹಾಗೆ ಹೊಡೆಯುತ್ತಾರೆ.

ಮೊದಲು ಕೂರಿಸಿದ್ದು ಡಾವಿಂಚಿ ರಿಸಾಲ್ವ್, ಉಚಿತ ಆವೃತ್ತಿ. ಅದನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಬಣ್ಣ ತಿದ್ದುವ ಕೆಲಸದಿಂದ ಬೆಳೆದು ಬಂದ ಸಾಫ್ಟ್‌ವೇರ್ ಅದು, ವಾಟರ್‌ಮಾರ್ಕ್ ಇಲ್ಲದೆ 4ಕೆ ತನಕ ಸುಮ್ನೆ ಕೊಡುತ್ತಾರೆ. ಆದರೆ ಅದಕ್ಕೆ ಬೇಕಾದಷ್ಟು ಮೇವು ನನ್ನ ಪೆಟ್ಟಿಗೆಯಲ್ಲಿಲ್ಲ. 16 ಜಿಬಿ ರ್‍ಯಾಮ್ ಇದ್ದಿದ್ದರೆ ಬಹುಶಃ ಈ ಲೇಖನವೇ ಬೇರೆಯಾಗಿರುತ್ತಿತ್ತು. ಇನ್ನೊಂದು ಮಾತು: ಗೇಮ್ ವಿಡಿಯೊದಲ್ಲಿ ಬಣ್ಣ ತಿದ್ದುವುದಕ್ಕೆ ಏನಿದೆ? ಆಟ ಮಾಡಿದವರೇ ಬಣ್ಣ ಕೂರಿಸಿರುತ್ತಾರೆ. ಉಬುಂಟು ಹಾಕಿಕೊಂಡಿರುವ ಗೆಳೆಯನ ಕಂಪ್ಯೂಟರಿನಲ್ಲೂ ನೋಡಿದೆ. ಲಿನಕ್ಸ್‌ನ ಉಚಿತ ಆವೃತ್ತಿಯಲ್ಲಿ ಎಚ್.264 ಎಂಬ ವಿಡಿಯೊ ಬಗೆಯನ್ನು ಓದುವ ಅನುಕೂಲ ಇರಲಿಲ್ಲ. ಓಬಿಎಸ್ ಫೈಲ್ ಸಾಮಾನ್ಯವಾಗಿ ಅದೇ ತಾನೇ!

ಶಾಟ್‌ಕಟ್ ಇನ್ನೊಂದು ಉಚಿತ ಎಡಿಟರ್, ಹಗುರ. ಫೋನಿನ ಫೈಲ್ ಹಾಕಿದ ಕೂಡಲೇ 'ಇದು ವೇರಿಯಬಲ್, ಬದಲಾಯಿಸಿ ಕೊಡಲಾ' ಎಂದು ಅದೇ ಕೇಳಿತು. ಖುಷಿಯಾಯ್ತು. ಆದರೆ ಎರಡು ಆಡಿಯೊ ಟ್ರ್ಯಾಕ್ ಇರುವ ಕ್ಲಿಪ್ ಹಾಕಿದಾಗ ಯಾವ ಟ್ರ್ಯಾಕ್ ಬೇಕು ಎಂದು ಕ್ಲಿಪ್ಪಿನ ಪ್ರಾಪರ್ಟೀಸ್‌ನಲ್ಲಿ ಆರಿಸಬೇಕು. ಎರಡನ್ನೂ ಬಿಡಿಸಿ ಇಡುವುದು ಸುತ್ತಿನ ದಾರಿ. ಒಂದೇ ಸದ್ದು ಇರುವವರಿಗೆ ನಾನು ಇದನ್ನೇ ಹೇಳುತ್ತೇನೆ.

ನಾನು ನಿಂತಿದ್ದು ಕೆಡೆನ್‌ಲೈವ್‌ನಲ್ಲಿ. ಇದೂ ಉಚಿತ, ವಿಂಡೋಸ್‌ಗೂ ಸಿಗುತ್ತದೆ. ಏರುಪೇರಿನ ಫೈಲ್ ಕಂಡರೆ ಎಚ್ಚರಿಸಿ ಬದಲಾಯಿಸಿ ಕೊಡುತ್ತದೆ. ಎರಡು ಟ್ರ್ಯಾಕ್ ಇರುವ ಕ್ಲಿಪ್ ಎಳೆದು ಹಾಕಿದರೆ ಎರಡೂ ಬೇರೆ ಬೇರೆ ಸಾಲಿನಲ್ಲಿ ಬಂದು ಕೂರುತ್ತವೆ. 'ಶಸ್ತ್ರಾಸ್ತ್ರ' ಒತ್ತುಗಳ ಸಮೇತ ಸರಿಯಾಗಿ ಬಂತು. ಬಾಲೂ ತಮ್ಮ ಫಾಂಟ್ ದಪ್ಪಗಿದೆ, ಫೋನಿನ ಸಣ್ಣ ಪರದೆಯಲ್ಲೂ ಕಾಣುತ್ತದೆ, ಅದನ್ನೇ ಬಳಸುತ್ತೇನೆ. ಬೇರೆ ಫೋನಿನಲ್ಲಿ ರೆಕಾರ್ಡ್ ಮಾಡಿದ ಮಾತನ್ನು ವಿಡಿಯೊದ ಸದ್ದಿಗೆ ತಾನಾಗಿ ಹೊಂದಿಸುವ ಅನುಕೂಲವೂ ಇದೆ. ಮುಂಚೆಯೇ ಗೊತ್ತಿದ್ದರೆ ಎಷ್ಟು ರಾತ್ರಿ ಉಳಿಯುತ್ತಿತ್ತೋ!

ನನ್ನಂಥ ಪೆಟ್ಟಿಗೆಯನ್ನು ಬದುಕಿಸುವುದು ಪ್ರಾಕ್ಸಿ. ದೊಡ್ಡ ಫೈಲಿನ ಸಣ್ಣ ನಕಲು ಮಾಡಿಕೊಂಡು ಅದರ ಮೇಲೆ ಕತ್ತರಿ ಆಡಿಸುವುದು, ಕೊನೆಯಲ್ಲಿ ರೆಂಡರ್ ಆಗುವಾಗ, ಅಂದರೆ ಪೂರ್ತಿ ವಿಡಿಯೊ ತಯಾರಾಗುವಾಗ, ಮೂಲ ಫೈಲೇ ಬರುತ್ತದೆ. ಬರಬೇಕು, ನಾವು ಅಡ್ಡ ಬರದಿದ್ದರೆ. ಒಮ್ಮೆ ನಾನು ರೆಂಡರ್ ಕಿಟಕಿಯಲ್ಲಿ ಪ್ರಾಕ್ಸಿಯಿಂದಲೇ ರೆಂಡರ್ ಮಾಡು ಎಂಬ ಗುರುತನ್ನು ಒತ್ತಿಬಿಟ್ಟಿದ್ದೆ. ಇಡೀ ವಿಡಿಯೊ ಮಂಜು ಕವಿದ ಹಾಗೆ ಬಂತು. ನೋಡದೆ ಅಪ್‌ಲೋಡ್ ಮಾಡಿದೆ. ಮೊದಲು ಬಂದ ಕಾಮೆಂಟ್: "ಅಣ್ಣಾ, ವೈಪರ್ ಹಾಕಿ."

ಇನ್ನು ಗಾತ್ರದ ವಿಷಯ. ಸೆಕೆಂಡಿಗೆ 20 ಮೆಗಾಬಿಟ್ ಲೆಕ್ಕದಲ್ಲಿ ರೆಕಾರ್ಡ್ ಮಾಡಿದರೆ ಗಂಟೆಗೆ ಸುಮಾರು 9 ಜಿಬಿ. ಎರಡು ಗಂಟೆಗೆ 18. ಅದರಲ್ಲಿ ಜನ ನೋಡುವುದು ಹದಿನೈದು ನಿಮಿಷ. ಇಷ್ಟನ್ನೂ ಎಡಿಟರಿಗೆ ತುಂಬುವುದು ದಡ್ಡತನ. ಮೊದಲು ಲಾಸ್‌ಲೆಸ್‌ಕಟ್‌ನಲ್ಲಿ ಬೇಡದ್ದನ್ನು ಎಸೆಯುತ್ತೇನೆ. ಅದು ಮತ್ತೆ ಎನ್‌ಕೋಡ್ ಮಾಡದೆ ಬರೀ ಕತ್ತರಿಸುತ್ತದೆ, ಹಾಗಾಗಿ ನಿಮಿಷದೊಳಗೆ ಕೆಲಸ ಮುಗಿಯುತ್ತದೆ. ಒಂದೇ ತಕರಾರು, ಕತ್ತರಿ ನಾವು ಹೇಳಿದ ಜಾಗಕ್ಕೇ ಬೀಳದೆ ಹತ್ತಿರದ ಕೀಫ್ರೇಮ್‌ಗೆ, ಅಂದರೆ ಪೂರ್ತಿ ಚಿತ್ರ ಬರೆದಿರುವ ಫ್ರೇಮಿಗೆ, ಬೀಳುತ್ತದೆ. ಎರಡು ಮೂರು ಸೆಕೆಂಡ್ ಹೆಚ್ಚಾಗಿಯೇ ಇಟ್ಟುಕೊಂಡು, ನಾಜೂಕಿನ ಕೆಲಸ ಕೆಡೆನ್‌ಲೈವ್‌ನಲ್ಲಿ ಮಾಡಿದರಾಯ್ತು. ಅಲ್ಲಿ ಶಿಫ್ಟ್ ಜೊತೆ ಆರ್ ಒತ್ತಿದರೆ ಗೆರೆ ನಿಂತಲ್ಲಿ ಕ್ಲಿಪ್ ಎರಡಾಗುತ್ತದೆ. ನನ್ನ ಎಡಿಟಿಂಗ್‌ನಲ್ಲಿ ಮುಕ್ಕಾಲು ಪಾಲು ಇದೊಂದೇ.

ಎರಡು ಗಂಟೆಯಲ್ಲಿ ಒಳ್ಳೆಯ ಜಾಗ ಹುಡುಕುವುದು ಹೇಗೆ? ಆಡುವಾಗ ಏನಾದರೂ ಮಜಾ ಆದರೆ ಮೈಕ್ ಮುಂದೆ ಜೋರಾಗಿ ಎರಡು ಚಪ್ಪಾಳೆ ತಟ್ಟುತ್ತೇನೆ. ಆಮೇಲೆ ಮೈಕ್ ಟ್ರ್ಯಾಕಿನ ಅಲೆಯಲ್ಲಿ ಎರಡು ಮೊಳೆ ಹೊಡೆದ ಹಾಗೆ ಕಾಣುತ್ತದೆ. ಸೀದಾ ಅಲ್ಲಿಗೆ ಹೋಗಿ ಸ್ವಲ್ಪ ಹಿಂದಿನಿಂದ ಕತ್ತರಿಸಿದರೆ ಸಾಕು. ಕುಕ್ಕರ್ ಸೀಟಿಯೂ ಹೀಗೇ ಕಾಣುತ್ತದೆಯಾ ಅಂದರೆ ಇಲ್ಲ, ಅದು ಉದ್ದಕ್ಕೆ ದಿಂಡಿನ ಹಾಗೆ ಇರುತ್ತದೆ.

ಹೊರಗೆ ತೆಗೆಯುವಾಗ ಜಾಸ್ತಿ ತಲೆ ಕೆಡಿಸಿಕೊಳ್ಳುವುದಿಲ್ಲ. ಯೂಟ್ಯೂಬ್ 1080ಪಿ 60 ಫ್ರೇಮ್‌ಗೆ ಹೇಳುವುದು ಸೆಕೆಂಡಿಗೆ 12 ಮೆಗಾಬಿಟ್. ನಾನು 16 ಇಡುತ್ತೇನೆ, ಮರಗಳು ಸಾಲಾಗಿ ಓಡುವಾಗ ಕಲಸಿಹೋಗಬಾರದು ಅಂತ.

ಕಳೆದ ತಿಂಗಳು ಅಕ್ಕನ ಮಗ ಫೋನ್ ಮಾಡಿ, "ಮಾಮಾ, ನಾನೂ ವಿಡಿಯೊ ಹಾಕ್ತೀನಿ, ಯಾವ ಎಡಿಟರ್ ಹಾಕ್ಲಿ?" ಅಂದ. ಮೊದಲು ನೀನು ರೆಕಾರ್ಡ್ ಮಾಡಿದ್ದನ್ನು ಕಳಿಸು ಎಂದೆ. ಕಳಿಸಿದ. ವೇರಿಯಬಲ್ಲೇ. ಹ್ಯಾಂಡ್‌ಬ್ರೇಕ್, ಕೆಡೆನ್‌ಲೈವ್ ಎಲ್ಲ ವಿವರಿಸಿ ಉದ್ದದ ವಾಯ್ಸ್ ಮೆಸೇಜ್ ಕಳಿಸಿದೆ. ಅವನು ಕೇಳಿದನೋ ಇಲ್ಲವೋ, ಸಂಜೆಯೊಳಗೆ ಫೋನಿನಲ್ಲೇ ಎಡಿಟ್ ಮಾಡಿ ಒಂದು ಶಾರ್ಟ್ ಹಾಕಿದ್ದ. ನಲವತ್ತು ಸೆಕೆಂಡ್. ಅಷ್ಟರಲ್ಲಿ ಮಾತು ಎಲ್ಲಿ ಜಾರಬೇಕು? ಚೆನ್ನಾಗಿಯೇ ಇತ್ತು.