ಭೂತಾನ್ ಟ್ರಿಪ್ ಪ್ಲಾನ್ ಮಾಡೋದು ಹೇಗೆ: ಮೊದ್ಲು ರಾತ್ರಿ ಎಣಿಸಿ, ಆಮೇಲೆ ಊರು

ಭೂತಾನ್‌ಗೆ ಹೊರಟೋರು ಮೊದ್ಲು ಮಾಡ್ಬೇಕಾಗಿರೋದು ಹೋಟೆಲ್ ಹುಡುಕೋದಲ್ಲ, ಎಷ್ಟು ರಾತ್ರಿ ಇರ್ತೀವಿ ಅಂತ ಕೂತು ಲೆಕ್ಕ ಹಾಕೋದು. ಯಾಕಂದ್ರೆ ಅಲ್ಲಿ ಎಸ್‌ಡಿಎಫ್ (ಸಸ್ಟೇನಬಲ್ ಡೆವಲಪ್‌ಮೆಂಟ್ ಫೀ) ಅಂತ ಟೂರಿಸ್ಟ್‌ಗಳಿಂದ ಸರ್ಕಾರ ತಗೊಳ್ಳೋ ಒಂದು ಫೀಸ್ ಇದೆ, ಕೋವಿಡ್ ಆದ್ಮೇಲೆ 2022ರ ಸೆಪ್ಟೆಂಬರಲ್ಲಿ ಗಡಿ ತೆಗೆದಾಗಿಂದ ಇಂಡಿಯನ್ಸ್‌ಗೂ ಅದು ಬಿತ್ತು, ಒಬ್ಬರಿಗೆ ಒಂದು ರಾತ್ರಿಗೆ 1200 ರೂಪಾಯಿ. 6ರಿಂದ 12 ವರ್ಷದ ಮಕ್ಕಳಿಗೆ ಅರ್ಧ, ಅದಕ್ಕಿಂತ ಚಿಕ್ಕವ್ರಿಗೆ ಇಲ್ಲ. ಅಂದ್ರೆ ನಾಲ್ಕು ಜನ ದೊಡ್ಡವ್ರು ಆರು ರಾತ್ರಿ ಇದ್ರೆ 28,800 ರೂಪಾಯಿ ಬರೀ ಫೀಸೇ, ಊಟ ರೂಮು ಕಾರು ಎಲ್ಲ ಬೇರೆ. ಇದು ನೋಡಿ ಕೆಲವರು ಮೂರೇ ದಿನದಲ್ಲಿ ಎಲ್ಲಾ ಊರು ಮುಗಿಸ್ತೀವಿ ಅಂತ ಹೊರಡ್ತಾರೆ, ಅದು ಸುಮ್ನೆ ಕಾರಲ್ಲಿ ಕೂತು ಬರೋ ಟ್ರಿಪ್ ಆಗತ್ತೆ ಅಷ್ಟೇ, ಎಲ್ಲಾ ಘಾಟ್ ರೋಡು, 70 ಕಿಲೋಮೀಟರ್‌ಗೆ ಎರಡೂವರೆ ಮೂರು ಗಂಟೆ ಹಿಡಿಯತ್ತೆ. ನನ್ನ ಪ್ರಕಾರ ಊರು ಕಮ್ಮಿ ಮಾಡಿ, ರಾತ್ರಿ ಕಮ್ಮಿ ಮಾಡ್ಬೇಡಿ. ಥಿಂಪು ಎರಡು, ಪುನಾಖಾ ಎರಡು, ಪಾರೋ ಎರಡು, ಮೊದಲನೇ ಸಲಕ್ಕೆ ಇಷ್ಟು ಸಾಕು.

ಕಾಗದಪತ್ರದ ವಿಷ್ಯ. ನಮಗೆ ವೀಸಾ ಬೇಡ, ಆದ್ರೆ ಎಂಟ್ರಿ ಪರ್ಮಿಟ್ ಬೇಕು, ಅದಕ್ಕೆ ಪಾಸ್‌ಪೋರ್ಟ್ ಇಲ್ಲಾ ವೋಟರ್ ಐಡಿ. ಆಧಾರ್ ನಡೆಯಲ್ಲ, ಇದನ್ನ ದಪ್ಪ ಅಕ್ಷರದಲ್ಲಿ ಬರ್ಕೊಳ್ಳಿ. ಪಾಸ್‌ಪೋರ್ಟ್ ಆದ್ರೆ ಇನ್ನೂ ಆರು ತಿಂಗಳಾದ್ರೂ ವ್ಯಾಲಿಡಿಟಿ ಇರ್ಲಿ. ಮಕ್ಕಳಿಗೆ ಪಾಸ್‌ಪೋರ್ಟ್ ಇಲ್ಲ ಅಂದ್ರೆ ಬರ್ತ್ ಸರ್ಟಿಫಿಕೇಟ್ ಒರಿಜಿನಲ್ ಇಟ್ಕೊಳ್ಳಿ. ಪರ್ಮಿಟ್‌ಗೆ ಮೊದ್ಲೇ ಆನ್‌ಲೈನಲ್ಲಿ ಅಪ್ಲೈ ಮಾಡಿದ್ರೆ ಗಡಿಯಲ್ಲಿ ಕ್ಯೂ ನಿಲ್ಲೋದು ಉಳಿಯತ್ತೆ. ಥಿಂಪು, ಪಾರೋ ದಾಟಿ ಆಚೆ ಹೋಗೋಕೆ ಗೈಡ್ ಬೇಕು ಅಂತ ನಿಯಮ ಇದೆ, ಹಾಗಾಗಿ ಕಾರು ಡ್ರೈವರ್ ಗೈಡ್ ಎಲ್ಲ ಒಟ್ಟಿಗೆ ಮಾತಾಡ್ಕೊಳ್ಳೋದೇ ಸರಿ. ಸ್ವಂತ ಕಾರಲ್ಲಿ ಹೋಗ್ತೀನಿ ಅನ್ನೋರು ಗಾಡಿಗೂ ದಿನದ ಲೆಕ್ಕದಲ್ಲಿ ದೊಡ್ಡ ಫೀಸ್ ಇದೆ ಅನ್ನೋದು ನೆನಪಿಟ್ಕೊಳ್ಳಿ. ಈ ರೇಟು ರೂಲ್ಸು ಆಗಾಗ ಬದಲಾಗತ್ತೆ, ಹೊರಡೋ ಮುಂಚೆ ಅವರ ಟೂರಿಸಂ ಸೈಟ್ ಒಂದ್ಸಲ ನೋಡ್ಬಿಡಿ.

ಹೋಗೋದು ಹೇಗೆ ಅಂದ್ರೆ ಎರಡು ದಾರಿ. ದುಡ್ಡಿದ್ರೆ ದೆಹಲಿ ಇಲ್ಲಾ ಕೋಲ್ಕತ್ತಾದಿಂದ ಪಾರೋಗೆ ಫ್ಲೈಟು, ದೆಹಲಿಯಿಂದ ಹೋಗೋವಾಗ ಎಡಗಡೆ ಕಿಟಕಿ ಸೀಟು ತಗೊಳ್ಳಿ, ಮೋಡ ಇಲ್ಲ ಅಂದ್ರೆ ಎವರೆಸ್ಟ್ ಕಾಣತ್ತೆ. ಇಲ್ಲ ಅಂದ್ರೆ ಬೆಂಗಳೂರಿಂದ ಬಾಗ್‌ಡೋಗ್ರಾಗೆ ಫ್ಲೈಟು, ಅಲ್ಲಿಂದ ಟೀ ತೋಟಗಳ ಮಧ್ಯೆ ನಾಲ್ಕೈದು ಗಂಟೆ ಕಾರಲ್ಲಿ ಜೈಗಾಂವ್. ರೈಲಲ್ಲಿ ಬರೋರಿಗೆ ಹಾಸಿಮಾರಾ ಸ್ಟೇಷನ್ ಹತ್ರ. ಜೈಗಾಂವ್ ಇಂಡಿಯಾ, ಗೇಟ್ ಆಚೆ ಫುಂಟ್‌ಶೋಲಿಂಗ್ ಭೂತಾನ್, ಈ ಕಡೆ ಹಾರ್ನು ಗಲಾಟೆ, ಆ ಕಡೆ ಕಾಲಿಟ್ಟ ತಕ್ಷಣ ಜೀಬ್ರಾ ಕ್ರಾಸಿಂಗಲ್ಲಿ ಗಾಡಿ ನಿಲ್ಸಿ ದಾರಿ ಬಿಡ್ತಾರೆ, ಮೊದಲನೇ ಸಲ ನಂಬೋಕೇ ಆಗಲ್ಲ. ಲೇಟಾಗಿ ಬಂದ್ರೆ ರಾತ್ರಿ ಜೈಗಾಂವಲ್ಲೇ ಮಲ್ಕೊಳ್ಳಿ, ಒಂದು ರಾತ್ರಿ ಎಸ್‌ಡಿಎಫ್ ಉಳಿಯತ್ತೆ. ಅವರ ಗಡಿಯಾರ ನಮಗಿಂತ ಅರ್ಧ ಗಂಟೆ ಮುಂದೆ. ದುಡ್ಡು ಬದಲಾಯಿಸೋ ತಲೆನೋವಿಲ್ಲ, ಅವರ ನ್ಗುಲ್ಟ್ರಮ್ಮೂ ನಮ್ಮ ರೂಪಾಯಿನೂ ಒಂದಕ್ಕೊಂದು ಸಮ, ಆದ್ರೆ ಚಿಲ್ಲರೆ ಅವರ ನೋಟಲ್ಲಿ ಕೊಟ್ರೆ ವಾಪಸ್ ಬರೋ ಮುಂಚೆ ಖರ್ಚು ಮಾಡ್ಬಿಡಿ.

ಈಗ ಹಿಸ್ಟರಿ. ಬೋರ್ ಅನ್ಕೊಂಡು ಇದನ್ನ ಸ್ಕಿಪ್ ಮಾಡಿದ್ರೆ ಎಲ್ಲಾ ಕೋಟೆನೂ ಒಂದೇ ಥರ ಕಾಣ್ಸತ್ತೆ, ಮೂರನೇ ದಿನಕ್ಕೆ ಸಾಕಪ್ಪ ಅನ್ಸತ್ತೆ. ಜಾಸ್ತಿ ಏನ್ ಬೇಡ, ಇಬ್ಬರನ್ನ ತಿಳ್ಕೊಂಡ್ರೆ ಸಾಕು. ಒಬ್ರು ಬೌದ್ಧ ಗುರು ಪದ್ಮಸಂಭವ. ನಮ್ಮ ಬೈಲಕುಪ್ಪೆ ಗೋಲ್ಡನ್ ಟೆಂಪಲಲ್ಲಿ ಬುದ್ಧನ ಪಕ್ಕ ಕೂತಿರೋ ದೊಡ್ಡ ಮೂರ್ತಿ ನೋಡಿದೀರಲ್ಲ, ಅವ್ರೇ. 8ನೇ ಶತಮಾನದಲ್ಲಿ ಹೆಣ್ಣು ಹುಲಿ ಮೇಲೆ ಕೂತು ಹಾರಿ ಬಂದು ಪಾರೋ ಬಂಡೆಯ ಗುಹೆಯಲ್ಲಿ ಧ್ಯಾನ ಮಾಡಿದ್ರು ಅಂತ ಅಲ್ಲಿಯವ್ರ ನಂಬಿಕೆ.

ಇನ್ನೊಬ್ರು ಝಬ್‌ದ್ರುಂಗ್ ನ್ಗವಾಂಗ್ ನಮ್‌ಗ್ಯಾಲ್. ಟಿಬೆಟ್ಟಲ್ಲಿ ದ್ರುಕ್ಪಾ ಅನ್ನೋ ಬೌದ್ಧ ಪಂಥದ ಮುಂದಿನ ಗುರು ಯಾರು ಅಂತ ಜಗಳ ಆಗಿ 1616ರಲ್ಲಿ ಇಪ್ಪತ್ತೆರಡು ಇಪ್ಪತ್ಮೂರು ವಯಸ್ಸಿಗೆ ತಪ್ಪಿಸ್ಕೊಂಡು ಈ ಕಡೆ ಬಂದೋರು, ಆಗ ಇದು ಒಂದು ದೇಶನೇ ಅಲ್ಲ, ಒಂದೊಂದು ಕಣಿವೆಗೆ ಒಬ್ಬೊಬ್ಬ ನಾಯಕ. ಇವ್ರು ಎಲ್ಲಾರನ್ನೂ ಸೇರಿಸಿ, ಟಿಬೆಟ್ ಕಡೆಯಿಂದ ಬಂದ ದಾಳಿಗಳನ್ನೂ ತಡೆದು, ಒಂದು ದೇಶ ಮಾಡಿದ್ರು. ಕಣಿವೆಗೊಂದು ಝೋಂಗ್ ಕಟ್ಟಿಸಿದ್ರು, ಕೋಟೆನೂ ಹೌದು ಮಠನೂ ಹೌದು ತಾಲ್ಲೂಕಾಫೀಸೂ ಹೌದು. ಈಗ್ಲೂ ಹಂಗೇ ಇದೆ, ಒಂದು ಅಂಗಳದಲ್ಲಿ ಸರ್ಕಾರಿ ಫೈಲು, ಇನ್ನೊಂದು ಅಂಗಳದಲ್ಲಿ ಸನ್ಯಾಸಿಗಳ ಮಂತ್ರ. 1651ರಲ್ಲಿ ಪುನಾಖಾ ಝೋಂಗಲ್ಲಿ ಏಕಾಂತ ಧ್ಯಾನಕ್ಕೆ ಅಂತ ಒಳಗೆ ಹೋದೋರು ಅಲ್ಲೇ ತೀರ್ಕೊಂಡ್ರು, ಆದ್ರೆ ಮತ್ತೆ ದೇಶ ಒಡೆದು ಹೋಗತ್ತೆ ಅಂತ ಆ ಸುದ್ದಿನ ಸುಮಾರು ಐವತ್ತು ವರ್ಷ ಹೊರಗೆ ಬಿಡ್ಲಿಲ್ಲ. ಗುರುಗಳು ಧ್ಯಾನದಲ್ಲಿದಾರೆ ಅಂತಾನೇ ಆಡಳಿತ ನಡೀತು! ಅವರ ದೇಹ ಈಗ್ಲೂ ಆ ಝೋಂಗಲ್ಲೇ ಇದೆ, ನಾವು ನೀವು ಆ ಗುಡಿ ಒಳಗೆ ಹೋಗಂಗಿಲ್ಲ.

ಆಮೇಲಿಂದು ಬೇಗ ಹೇಳ್ತೀನಿ. 1864-65ರಲ್ಲಿ ಬ್ರಿಟಿಷರ ಜೊತೆ ಯುದ್ಧ ಆಗಿ ದುವಾರ್ಸ್ ಬಯಲು ಕಳ್ಕೊಂಡ್ರು, ನೀವು ಬಾಗ್‌ಡೋಗ್ರಾದಿಂದ ಬಂದ್ರಲ್ಲ ಆ ಟೀ ತೋಟದ ದಾರಿ, ಅದೇ ಕಡೆ. 1907ರ ಡಿಸೆಂಬರ್ 17ಕ್ಕೆ ಉಗ್ಯೆನ್ ವಾಂಗ್‌ಚುಕ್ ಮೊದಲ ರಾಜ ಆದ್ರು, ಈಗಿರೋರು ಐದನೆಯವ್ರು. ಟಿವಿ ಇಂಟರ್ನೆಟ್ ಬಂದಿದ್ದು 1999ರಲ್ಲಿ, ಎಲೆಕ್ಷನ್ ಆಗಿ ಪ್ರಜಾಪ್ರಭುತ್ವ ಬಂದಿದ್ದು 2008ರಲ್ಲಿ, ಜನ ಕೇಳಿದ್ದಕ್ಕಿಂತ ಜಾಸ್ತಿ ರಾಜರೇ ಮುಂದೆ ನಿಂತು ತಂದಿದ್ದು. ಹ್ಯಾಪಿನೆಸ್ ದೇಶ ಅಂತ ಎಲ್ಲಾ ವ್ಲಾಗಲ್ಲೂ ಹೇಳ್ತಾರೆ, ಆದ್ರೆ 1990ರ ದಶಕದಲ್ಲಿ ನೇಪಾಳಿ ಮಾತಾಡೋ ಲೋತ್ಶಾಂಪಾ ಜನ ಲಕ್ಷದ ಹತ್ರ ಹತ್ರ ದೇಶ ಬಿಟ್ಟು ನೇಪಾಳದ ಕ್ಯಾಂಪ್‌ಗಳಲ್ಲಿ ವರ್ಷಗಟ್ಟಲೆ ಇರ್ಬೇಕಾಯ್ತು, ಇದನ್ನ ಯಾವ ಗೈಡೂ ತಾನಾಗೇ ಹೇಳಲ್ಲ.

ಊರುಗಳು ನೋಡೋ ಆರ್ಡರ್ ಮುಖ್ಯ. ಮೊದ್ಲು ಥಿಂಪು. ಟ್ರಾಫಿಕ್ ಸಿಗ್ನಲ್ಲೇ ಇಲ್ಲದ ರಾಜಧಾನಿ, ಮಧ್ಯದ ಸರ್ಕಲ್ಲಲ್ಲಿ ಬಿಳಿ ಗ್ಲೌಸ್ ಹಾಕಿದ ಪೊಲೀಸು ಡ್ಯಾನ್ಸ್ ಮಾಡೋ ಥರ ಕೈ ಆಡಿಸ್ತಿರ್ತಾನೆ. ಬುದ್ಧ ದೋರ್ದೆನ್ಮಾ ಮೂರ್ತಿ 51.5 ಮೀಟರ್ ಎತ್ತರ, ಬೆಳಿಗ್ಗೆ ಹೋಗಿ. ಸಂಜೆ ತಾಶಿಛೋ ಝೋಂಗ್. ಹತ್ರದಲ್ಲೇ ಸಿಮ್ತೋಖಾ ಝೋಂಗ್ ಇದೆ, ಚಿಕ್ಕದು ಅಂತ ಬಿಡ್ಬೇಡಿ, ಝಬ್‌ದ್ರುಂಗ್ 1629ರಲ್ಲಿ ಕಟ್ಟಿಸಿದ್ದು, ಅಲ್ಲಿಂದ ಶುರು ಮಾಡಿ ಪುನಾಖಾಗೆ ಹೋದ್ರೆ ಕಥೆ ಆರ್ಡರಲ್ಲೇ ಸಿಗತ್ತೆ.

ಪುನಾಖಾಗೆ ಹೋಗೋವಾಗ ದೋಚುಲಾ ಪಾಸ್, 3100 ಮೀಟರ್ ಹತ್ರ, 108 ಸ್ತೂಪ. ಅಸ್ಸಾಂ ಉಗ್ರರ ಕ್ಯಾಂಪ್‌ಗಳನ್ನ 2003ರಲ್ಲಿ ಭೂತಾನ್ ಸೈನ್ಯ ಓಡಿಸಿದ ನೆನಪಿಗೆ ಕಟ್ಟಿದ್ದು. ಅಲ್ಲಿಂದ ಇಳಿದ್ರೆ ಪುನಾಖಾ 1200 ಮೀಟರ್ ಆಸುಪಾಸು, ಸ್ವೆಟರ್ ಬಿಚ್ಚಿಡಿ. ಫೋ ಛು, ಮೋ ಛು ಎರಡು ನದಿ ಸೇರೋ ಜಾಗದಲ್ಲಿ 1637-38ರಲ್ಲಿ ಕಟ್ಟಿದ ಝೋಂಗ್, ಇಡೀ ಟ್ರಿಪ್ಪಲ್ಲಿ ಒಂದೇ ಒಂದು ಕಟ್ಟಡ ನೋಡ್ತೀನಿ ಅಂದ್ರೆ ಇದನ್ನ ನೋಡಿ. 1950ರ ದಶಕದವರೆಗೂ ರಾಜಧಾನಿ ಇದೇ, ಈಗ್ಲೂ ಚಳಿಗಾಲದಲ್ಲಿ ಥಿಂಪುವಿನ ಮುಖ್ಯ ಸನ್ಯಾಸಿಗಳು ಇಲ್ಲಿಗೇ ಬಂದು ಇರ್ತಾರೆ. ಝೋಂಗ್ ಒಳಗೆ ಹೋಗೋಕೆ ತುಂಬು ತೋಳಿನ ಬಟ್ಟೆ, ಫುಲ್ ಪ್ಯಾಂಟು, ಟೋಪಿ ತೆಗೀಬೇಕು, ಗುಡಿ ಒಳಗೆ ಫೋಟೋ ಇಲ್ಲ. ಹತ್ರದ ಚಿಮಿ ಲಾಖಾಂಗ್, ಹುಚ್ಚು ಸಂತ ದ್ರುಕ್ಪಾ ಕುನ್ಲೆ ಗುಡಿ, ಮಕ್ಕಳಾಗ್ಲಿ ಅಂತ ಬೇಡ್ಕೊಳ್ಳೋಕೆ ಬರ್ತಾರೆ, ದಾರಿಯುದ್ದಕ್ಕೂ ಮನೆ ಗೋಡೆ ಮೇಲೆ ಲಿಂಗದ ಚಿತ್ರ ಬರೆದಿರ್ತಾರೆ, ಅದು ಪುರುಷಾಂಗನೇ, ಅತ್ತೆ ಮಾವನ ಜೊತೆ ಹೋಗೋರು ಮೊದ್ಲೇ ಹೇಳಿಟ್ಟಿರಿ.

ಊಟದ ಬಗ್ಗೆ ಹೆದರ್ಬೇಡಿ, ಸಸ್ಯಾಹಾರಿಗಳಿಗೆ ಆರಾಮು. ಎಮಾ ದಾತ್ಶಿ ಅಂದ್ರೆ ಮೆಣಸಿನಕಾಯನ್ನೇ ತರಕಾರಿ ಥರ ಚೀಸಲ್ಲಿ ಬೇಯಿಸಿದ್ದು, ಖಾರ ಆಗಲ್ಲ ಅನ್ನೋರಿಗೆ ಆಲೂಗಡ್ಡೆದು ಕೇವಾ ದಾತ್ಶಿ, ಅಣಬೆದು ಶಾಮು ದಾತ್ಶಿ. ಜೊತೆಗೆ ಕೆಂಪಕ್ಕಿ ಅನ್ನ. ಸುಜಾ ಅಂತ ಬೆಣ್ಣೆ ಹಾಕಿದ ಉಪ್ಪು ಚಹಾ ಕೊಟ್ರೆ ಟೀ ಅನ್ಕೊಂಡು ಕುಡೀಬೇಡಿ, ಸೂಪ್ ಅನ್ಕೊಂಡು ಕುಡೀರಿ.

ಪಾರೋ ಕೊನೆಗೆ ಇಡಿ, ಕಾರಣ ತಕ್ತ್‌ಸಾಂಗ್. ಪದ್ಮಸಂಭವ ಹುಲಿ ಮೇಲೆ ಬಂದ್ರು ಅಂದ್ನಲ್ಲ, ಆ ಗುಹೆ ಇರೋದು ಇಲ್ಲೇ, ಟೈಗರ್ಸ್ ನೆಸ್ಟ್ ಅಂತ ಫೋಟೋದಲ್ಲಿ ನೋಡಿರೋದು, 3100 ಮೀಟರ್ ಮೇಲೆ, ಕಣಿವೆಯಿಂದ 900 ಮೀಟರ್ ಎತ್ತರದ ಬಂಡೆಗೆ ಅಂಟ್ಕೊಂಡಿರೋ ಮಠ. ನಾಲ್ಕೈದು ದಿನ ಬೆಟ್ಟದ ಊರುಗಳಲ್ಲಿ ಓಡಾಡಿದ್ಮೇಲೆ ಹತ್ತಿದ್ರೆ ಉಸಿರು ಅಷ್ಟು ಕಟ್ಟಲ್ಲ. ಮಠ ಕಟ್ಟಿದ್ದು 1692ರಲ್ಲಿ, 1998ರಲ್ಲಿ ಬೆಂಕಿ ಬಿದ್ದು ಸುಟ್ಟು ಹೋಗಿ ಮತ್ತೆ ಕಟ್ಟಿದಾರೆ. ಬೆಳಿಗ್ಗೆ ಏಳೂವರೆ ಎಂಟಕ್ಕೆಲ್ಲ ಕೆಳಗಿಂದ ಹೊರಡಿ, ಹೋಗಿ ಬರೋಕೆ ಐದಾರು ಗಂಟೆ ಇಟ್ಕೊಳ್ಳಿ. ಮಂಡಿ ನೋವಿರೋರಿಗೆ ಅರ್ಧ ದಾರಿ, ಕೆಫೆಟೇರಿಯಾ ತನಕ ಕುದುರೆ ಸಿಗತ್ತೆ, ಇಳಿಯೋವಾಗ ಕುದುರೆ ಇಲ್ಲ, ಕೊನೆಯ ಮೆಟ್ಟಿಲುಗಳಿಗೂ ಇಲ್ಲ, ಆ ಮೆಟ್ಟಿಲೇ ಸುಸ್ತು ಮಾಡೋದು. ಆಗಲ್ಲ ಅನ್ನೋರು ಕೆಫೆಟೇರಿಯಾದಲ್ಲಿ ಕೂತ್ರೂ ಮಠ ಎದುರಿಗೇ ಕಾಣತ್ತೆ, ಹಟ ಮಾಡಿ ಹತ್ಲೇಬೇಕು ಅಂತೇನಿಲ್ಲ.

ಟೈಮು ಅಂದ್ರೆ ಮಾರ್ಚಿಂದ ಮೇ, ಇಲ್ಲಾ ಸೆಪ್ಟೆಂಬರ್ ಕೊನೆಯಿಂದ ನವೆಂಬರ್. ಪಾರೋ ತ್ಶೇಚು ಹಬ್ಬ ವಸಂತದಲ್ಲಿ, ಥಿಂಪುದು ಶರತ್ಕಾಲದಲ್ಲಿ, ಆಗ ಹೋಟೆಲ್ ರೇಟ್ ಏರತ್ತೆ. ನವೆಂಬರಲ್ಲಿ ಹೋಗೋರು ಒಂದು ರಾತ್ರಿ ಜಾಸ್ತಿ ಹಾಕೋಕಾದ್ರೆ ಫೋಬ್ಜಿಖಾಗೆ ಹೋಗಿ, ಟಿಬೆಟ್ ಕಡೆಯಿಂದ ಕಪ್ಪು ಕತ್ತಿನ ಕ್ರೇನ್ ಹಕ್ಕಿಗಳು ಚಳಿಗಾಲ ಕಳೆಯೋಕೆ ಆ ಕಣಿವೆಗೆ ಬರ್ತಾವೆ, ಅವಕ್ಕೆ ತಾಗ್ಬಾರ್ದು ಅಂತ ಕರೆಂಟ್ ತಂತಿನ ನೆಲದಡಿ ಹಾಕಿದಾರೆ. ಜೂನ್‌ನಿಂದ ಆಗಸ್ಟ್ ಬೇಡ, ಫುಂಟ್‌ಶೋಲಿಂಗ್ ರೋಡಲ್ಲಿ ಗುಡ್ಡ ಕುಸಿಯತ್ತೆ. ಯಾವ ತಿಂಗಳಾದ್ರೂ ವಾಪಸ್ ಬರೋವಾಗ ಪಾರೋದಿಂದ ಹೊರಟ ದಿನವೇ ಬಾಗ್‌ಡೋಗ್ರಾ ಫ್ಲೈಟ್ ಬುಕ್ ಮಾಡ್ಬೇಡಿ, ಆ ರಾತ್ರಿ ಜೈಗಾಂವಲ್ಲೋ ಸಿಲಿಗುರಿಯಲ್ಲೋ ಇದ್ದು ಮಾರನೇ ದಿನ ಹೊರಡಿ.