ನಿವೃತ್ತ ರಸಾಯನ ವಿಜ್ಞಾನಿಯೊಬ್ಬರ ಸ್ಮರಣ ಲೇಖನವನ್ನು ಬರೆಯುವ ಬಗೆ

ಮನೆಯ ಹಿರಿಯರೊಬ್ಬರು ತೀರಿಕೊಂಡಾಗ ವೈಕುಂಠ ಸಮಾರಾಧನೆಯ ದಿನಕ್ಕೋ ನುಡಿನಮನದ ಸಭೆಗೋ ಒಂದು ಲೇಖನ ಬೇಕಾಗುತ್ತದೆ. ಆ ಹಿರಿಯರು ಆಯುಷ್ಯದ ಬಹುಭಾಗವನ್ನು ಪ್ರಯೋಗಾಲಯದಲ್ಲಿ ಕಳೆದ ರಸಾಯನ ವಿಜ್ಞಾನಿಯಾಗಿದ್ದರೆ ಬರೆಯುವವರಿಗೆ ಒಂದು ವಿಶೇಷ ತೊಡಕು ಎದುರಾಗುತ್ತದೆ. ಮನೆಯವರು ಅವರನ್ನು ಚೆನ್ನಾಗಿ ಬಲ್ಲರು, ಆದರೆ ಅವರು ದಿನವಿಡೀ ಮಾಡುತ್ತಿದ್ದ ಕೆಲಸವೇನೆಂದು ಅರಿಯರು. ಸಹೋದ್ಯೋಗಿಗಳು ಕೆಲಸವನ್ನು ಬಲ್ಲರು, ಸಂಜೆ ಮನೆಗೆ ಮರಳಿದ ಮೇಲಿನ ಮನುಷ್ಯನನ್ನು ಅರಿಯರು. ಹೀಗಾಗಿಯೇ ಇಂಥ ಬಹಳಷ್ಟು ಲೇಖನಗಳು ಹುದ್ದೆಗಳ ಪಟ್ಟಿಯಿಂದ ಶುರುವಾಗಿ ‘ಸರಳ ಸಜ್ಜನಿಕೆಯ ಮಿತಭಾಷಿ’ ಎಂಬ ಮಾತಿಗೆ ಬಂದು ನಿಲ್ಲುತ್ತವೆ. ಅವರು ಮಾಡಿದ ಕೆಲಸಗಳಲ್ಲಿ ಒಂದನ್ನಾದರೂ ಹೈಸ್ಕೂಲಿನಲ್ಲಿ ಓದುವ ಮೊಮ್ಮಗಳಿಗೆ ಅರ್ಥವಾಗುವಂತೆ ಪೂರ್ತಿಯಾಗಿ ವಿವರಿಸದೆ ಬರೆದ ಸ್ಮರಣೆ ಅಪೂರ್ಣ ಎಂದೇ ನನ್ನ ನಂಬಿಕೆ.

ಮೊದಲು ದಾಖಲೆಗಳನ್ನು ಕಲೆಹಾಕಿ. ಪ್ರಕಟಿತ ಪ್ರಬಂಧಗಳನ್ನು ಹುಡುಕುವಾಗ ನಮ್ಮ ಕಡೆಯ ಹೆಸರುಗಳ ಇನಿಷಿಯಲ್‌ಗಳು ತೊಂದರೆ ಕೊಡುತ್ತವೆ. ಊರಿನ ಹೆಸರಿನ ಒಂದು ಅಕ್ಷರ, ತಂದೆಯ ಹೆಸರಿನ ಇನ್ನೊಂದು ಅಕ್ಷರ ಸೇರಿದ ಹೆಸರು ಒಂದು ಪತ್ರಿಕೆಯಲ್ಲಿ ಒಂದು ಬಗೆಯಲ್ಲಿಯೂ, ಅವರು ವಿದೇಶದಲ್ಲಿದ್ದಾಗಿನ ಪ್ರಬಂಧದಲ್ಲಿ ಇನ್ನೊಂದು ಬಗೆಯಲ್ಲಿಯೂ ಅಚ್ಚಾಗಿರುವುದುಂಟು. ಆದ್ದರಿಂದ ಸಾಧ್ಯವಿರುವ ಎಲ್ಲ ರೂಪಗಳಲ್ಲಿ ಹುಡುಕಬೇಕು. ಭಾರತೀಯ ಪೇಟೆಂಟ್ ಕಚೇರಿಯ ಜಾಲತಾಣದಲ್ಲಿ ಅರ್ಜಿದಾರರ ಹೆಸರಿನಡಿ ಹುಡುಕಿದರೆ ಅವರು ಸಿಗಲಾರರು, ಏಕೆಂದರೆ ಸಿಎಸ್‌ಐಆರ್, ಅಂದರೆ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿಯ ಪ್ರಯೋಗಾಲಯಗಳ ಪೇಟೆಂಟ್‌ಗಳಿಗೆ ಅರ್ಜಿದಾರ ಆ ಮಂಡಳಿಯೇ ಆಗಿದ್ದು, ವಿಜ್ಞಾನಿಗಳ ಹೆಸರು ಆವಿಷ್ಕಾರಕರ ಸ್ಥಾನದಲ್ಲಿರುತ್ತದೆ. ಪಿಎಚ್‌ಡಿ ಪ್ರಬಂಧ, ಭಾರತೀಯ ವಿಶ್ವವಿದ್ಯಾಲಯಗಳ ಪ್ರಬಂಧಗಳನ್ನು ಅಂತರಜಾಲದಲ್ಲಿ ಇಟ್ಟಿರುವ ಶೋಧಗಂಗಾ ಸಂಗ್ರಹದಲ್ಲಿ ಇಲ್ಲದಿದ್ದರೆ ವಿಶ್ವವಿದ್ಯಾಲಯದ ಗ್ರಂಥಾಲಯವನ್ನು ವಿಚಾರಿಸಿ, ಸಿಕ್ಕಿದಾಗ ಅದರ ಕೃತಜ್ಞತೆಯ ಪುಟವನ್ನು ಎಲ್ಲಕ್ಕಿಂತ ಮೊದಲು ಓದಿ. ಹಾಸ್ಟೆಲಿನ ಗೆಳೆಯರು, ಗಾಜಿನ ಉಪಕರಣ ಊದಿಕೊಟ್ಟ ಕುಶಲಕರ್ಮಿ, ಪ್ರಬಂಧವನ್ನು ಟೈಪ್ ಮಾಡಿಕೊಟ್ಟವರು ಎಲ್ಲರೂ ಅಲ್ಲಿ ಇರುತ್ತಾರೆ. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲವಿಜ್ಞಾನ’ದಂಥ ಪತ್ರಿಕೆಗೆ ಅವರು ಕನ್ನಡದಲ್ಲಿ ಏನಾದರೂ ಬರೆದಿದ್ದರೆ ಆ ಬರಹದಲ್ಲಿ ಅವರ ದನಿಯೇ ನಿಮಗೆ ಸಿಕ್ಕಂತೆ.

ಪ್ರಯೋಗದ ನೋಟ್‌ಬುಕ್‌ಗಳು ಸಾಮಾನ್ಯವಾಗಿ ಸಂಸ್ಥೆಯ ಸ್ವತ್ತು. ಅವುಗಳನ್ನು ನೋಡಲು ಅನುಮತಿ ಕೇಳಬೇಕು, ಪುಟಗಳನ್ನು ಮನಬಂದಂತೆ ಅಚ್ಚು ಹಾಕಿಸಬಾರದು. ಅನುಮತಿ ದೊರೆತರೆ ಒಬ್ಬ ರಸಾಯನ ಶಾಸ್ತ್ರಜ್ಞರನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೇ ಪುಟವನ್ನು ನಿಧಾನವಾಗಿ ಓದಿ. ದಿನಾಂಕ, ತೂಗಿದ ಗ್ರಾಂಗಳು, ಕಾಯಿಸಿದ ಗಂಟೆಗಳು, ದೊರೆತ ಇಳುವರಿ, ಕೊನೆಗೆ ಕರಗುವ ಬಿಂದು. ಬೆಂಜೋಯಿಕ್ ಆಮ್ಲ ಶುದ್ಧವಾಗಿದ್ದರೆ 122 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ಥಟ್ಟನೆ ಕರಗುತ್ತದೆ; ಕಲಬೆರಕೆಯಿದ್ದರೆ ಅದಕ್ಕಿಂತ ಕೆಳಗಿನಿಂದಲೇ ಮೆತ್ತಗಾಗುತ್ತಾ ಹಲವು ಡಿಗ್ರಿಗಳ ಉದ್ದಕ್ಕೂ ಕರಗುತ್ತಾ ಹೋಗುತ್ತದೆ. ಇಷ್ಟನ್ನು ತಿಳಿದುಕೊಂಡರೆ, ಅವರು ಒಂದೇ ವಸ್ತುವನ್ನು ಮತ್ತೆ ಮತ್ತೆ ಹರಳುಗಟ್ಟಿಸಿ, ಪ್ರತಿಸಲವೂ ಕರಗಲು ಶುರುವಾದ ಮತ್ತು ಕರಗಿ ಮುಗಿದ ಉಷ್ಣತೆಯ ಎರಡು ಅಂಕಿಗಳನ್ನು ಬರೆದು, ಆ ಅಂಕಿಗಳ ನಡುವಿನ ಅಂತರ ಕಿರಿದಾಗುವುದನ್ನು ಕಾಯುತ್ತಿದ್ದುದೇಕೆ ಎಂಬುದು ಹೊಳೆಯುತ್ತದೆ. ‘ಹರಳು ಬರಲಿಲ್ಲ, ಎಣ್ಣೆಯಾಯಿತು’ ಎಂಬ ಅರ್ಥದ ಸಾಲು ಕಂಡರೆ ಅದನ್ನು ಬಿಡಬೇಡಿ. ಅವರ ತಾಳ್ಮೆಯನ್ನು ಆ ಸಾಲು ಯಾವ ವಿಶೇಷಣಕ್ಕಿಂತಲೂ ಚೆನ್ನಾಗಿ ಹೇಳುತ್ತದೆ.

ವಿವರಣೆ ಎಷ್ಟು ಆಳಕ್ಕಿಳಿಯಬೇಕು ಎಂಬುದಕ್ಕೆ ಮೈಸೂರಿನದೇ ಒಂದು ಉದಾಹರಣೆ ಕೊಡುತ್ತೇನೆ. 1950ರಲ್ಲಿ ಚೆಲುವಾಂಬ ಮಹಲಿನಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ, ಅಂದರೆ ಸಿಎಫ್‌ಟಿಆರ್‌ಐ, ಎಮ್ಮೆಯ ಹಾಲಿನಿಂದ ಶಿಶು ಆಹಾರ ತಯಾರಿಸುವ ವಿಧಾನವನ್ನು ರೂಪಿಸಿತು. ಅಲ್ಲಿ ದುಡಿದ ಒಬ್ಬರ ಬಗ್ಗೆ ‘ಶಿಶು ಆಹಾರದ ಸಂಶೋಧನೆಯಲ್ಲಿ ಪಾಲ್ಗೊಂಡಿದ್ದರು’ ಎಂದಷ್ಟೇ ಬರೆದರೆ ಓದುಗರಿಗೆ ಏನೂ ದಕ್ಕುವುದಿಲ್ಲ. ಎಮ್ಮೆಯ ಹಾಲಿನಲ್ಲಿ ಹಸುವಿನ ಹಾಲಿಗಿಂತ ಕೊಬ್ಬು ಹೆಚ್ಚು, ಕೇಸೀನ್ ಪ್ರೋಟೀನೂ ಹೆಚ್ಚು. ಅದು ಹಸುಗೂಸಿನ ಹೊಟ್ಟೆಯಲ್ಲಿ ಗಟ್ಟಿ ಗೆಡ್ಡೆಯಾಗಿ ಹೆಪ್ಪುಗಟ್ಟುವುದರಿಂದ ಜೀರ್ಣವಾಗುವುದು ಕಷ್ಟ. ಆ ಹೆಪ್ಪನ್ನು ಮೃದುವಾಗಿಸಿ, ಕೊಬ್ಬನ್ನು ತಗ್ಗಿಸಿ, ಪುಡಿಯಾಗಿ ಒಣಗಿಸಬೇಕಿತ್ತು. ಎಮ್ಮೆಯ ಹಾಲೇ ಹೇರಳವಾಗಿದ್ದ ದೇಶಕ್ಕೆ ಅದು ತುರ್ತಿನ ಕೆಲಸವಾಗಿತ್ತು ಎಂದು ಬರೆದ ಮೇಲೆ ಅವರ ಪಾಲಿಗೆ ಬಂದ ತುಣುಕು ಯಾವುದೆಂದು ಹೇಳಿ. ಪಾಲು ಎಂದೇ ಬರೆಯಿರಿ. ಇಂಥ ಕೆಲಸಗಳು ತಂಡದವು. ‘ಇವರೇ ಕಂಡುಹಿಡಿದರು’ ಎಂದು ಪ್ರೀತಿಯಿಂದ ಉಬ್ಬಿಸಿ ಬರೆದರೆ ಜೊತೆಗೆ ದುಡಿದವರಿಗೆ ನೋವಾಗುತ್ತದೆ, ಆ ಹಿರಿಯರೇ ಬದುಕಿದ್ದರೂ ಅದನ್ನು ಒಪ್ಪುತ್ತಿರಲಿಲ್ಲ.

ಇನ್ನು ಮನೆಯ ಬದುಕು. ‘ಪತ್ನಿ, ಇಬ್ಬರು ಮಕ್ಕಳು ಹಾಗೂ ಅಪಾರ ಬಂಧುಬಳಗವನ್ನು ಅಗಲಿದ್ದಾರೆ’ ಎಂಬ ಸಾಲು ಪತ್ರಿಕೆಯ ಜಾಹೀರಾತಿಗೆ ಸಾಕು, ಲೇಖನಕ್ಕೆ ಸಾಲದು. ಪತ್ನಿಯ ಹೆಸರನ್ನೂ ಅವರು ಮಾಡಿದ ಕೆಲಸವನ್ನೂ ಬರೆಯಿರಿ. ಗಂಡ ಸಂಶೋಧನೆಗೆಂದು ಹೊರದೇಶಕ್ಕೆ ಹೋಗಿದ್ದ ಕಾಲದಲ್ಲಿ ಮಕ್ಕಳನ್ನು ಒಬ್ಬರೇ ನೋಡಿಕೊಂಡಿದ್ದರೆ ಆ ವರ್ಷಗಳು ಇಬ್ಬರದೂ ಹೌದು, ಅವುಗಳನ್ನು ಅವರ ಬಾಯಿಂದಲೇ ಕೇಳಿ ದಾಖಲಿಸಬೇಕು. ಮಕ್ಕಳನ್ನು ‘ಅಪ್ಪ ಹೇಗಿದ್ದರು’ ಎಂದು ಕೇಳಿದರೆ ‘ತುಂಬಾ ಒಳ್ಳೆಯವರು’ ಎಂಬ ಉತ್ತರವೇ ಬರುತ್ತದೆ; ಲೆಕ್ಕ ತಪ್ಪಿದಾಗ ಏನನ್ನುತ್ತಿದ್ದರು, ರಜೆಯಲ್ಲಿ ಎಲ್ಲಿಗೆ ಕರೆದೊಯ್ಯುತ್ತಿದ್ದರು, ಪ್ರಯೋಗಾಲಯದಿಂದ ಬಂದಾಗ ಅವರ ಅಂಗಿಗೆ ಯಾವ ವಾಸನೆ ಇರುತ್ತಿತ್ತು ಎಂದು ಕೇಳಿದರೆ ಮಾತು ತಾನಾಗಿ ಬಿಚ್ಚಿಕೊಳ್ಳುತ್ತದೆ. ಪ್ರಯೋಗಾಲಯದಲ್ಲಿ ಬಳಸುವ ಪಿರಿಡೀನ್ ಎಂಬ ದ್ರವದ ವಾಸನೆಯನ್ನು ಒಮ್ಮೆ ಕಂಡವರು ಮರೆಯುವುದಿಲ್ಲ.

ಅವರ ಕೋಣೆಯನ್ನು ಜೋಡಿಸುವಾಗ ಒಂದು ಎಚ್ಚರಿಕೆ ಅಗತ್ಯ. ಹಳೆಯ ರಾಸಾಯನಿಕಗಳ ಸೀಸೆಗಳು ಸಿಕ್ಕರೆ ಮುಚ್ಚಳ ತಿರುಗಿಸಬೇಡಿ, ಅಲುಗಾಡಿಸಬೇಡಿ. ವರ್ಷಗಟ್ಟಲೆ ಇಟ್ಟ ಈಥರ್‌ನಲ್ಲಿ ಸ್ಫೋಟಕ ಪೆರಾಕ್ಸೈಡ್‌ಗಳು ಹುಟ್ಟಿರಬಹುದು. ಒಣಗಿದ ಪಿಕ್ರಿಕ್ ಆಮ್ಲ ಘರ್ಷಣೆಗೇ ಸಿಡಿಯಬಲ್ಲದು. ಅವರ ಹಳೆಯ ಸಹೋದ್ಯೋಗಿಗಳಿಗೆ ಫೋನ್ ಮಾಡಿ.

ಬರೆದು ಮುಗಿದ ಮೇಲೆ ವಿಜ್ಞಾನದ ಭಾಗವನ್ನು ಸಹೋದ್ಯೋಗಿಯೊಬ್ಬರಿಗೂ ಮನೆಯ ಭಾಗವನ್ನು ಮನೆಯವರಿಗೂ ತೋರಿಸುವುದು ರೂಢಿ; ನನ್ನ ಸಲಹೆ ಅದಕ್ಕೆ ತಿರುಗುಮುರುಗು. ವಿಜ್ಞಾನದ ಭಾಗ ಮನೆಯವರಿಗೆ ಅರ್ಥವಾಗಬೇಕು, ಮನೆಯ ಭಾಗದಲ್ಲಿ ಸಹೋದ್ಯೋಗಿಗೆ ತಾನು ಕಂಡ ಮನುಷ್ಯ ಗುರುತು ಸಿಗಬೇಕು; ಆಮೇಲೆ ತಾಂತ್ರಿಕ ತಪ್ಪುಗಳಿಗಾಗಿ ಇಡೀ ಲೇಖನವನ್ನು ಬಲ್ಲವರೊಬ್ಬರಿಂದ ಓದಿಸಿ. ವಿಭಾಗದ ಗುಂಪು ಚಿತ್ರವನ್ನು ಬಳಸುವುದಾದರೆ ಸಾಲಿನಲ್ಲಿ ನಿಂತ ಎಲ್ಲರ ಹೆಸರನ್ನೂ ಈಗಲೇ ಕೇಳಿ, ಚಿತ್ರದ ಹಿಂಬದಿಯಲ್ಲಿ ಮೆತ್ತನೆಯ ಪೆನ್ಸಿಲಿನಿಂದ ಬರೆದಿಡಿ, ಮತ್ತು ಲೇಖನದ ಒಂದು ಪ್ರತಿಯನ್ನು ಅವರು ದುಡಿದ ಸಂಸ್ಥೆಯ ಗ್ರಂಥಾಲಯಕ್ಕೂ ಕೊಡಿ.